ಯಾರ ಮನಿಗೆ ಯಾವಾಗ ಬಂತು

ಬೆಳಗಿನ ಐದೂವರೆ. ರಾತ್ರಿಯೆಲ್ಲ ಹೊಡೆದ ಮಳೆ ಬಿಟ್ಟಿದೆ, ಡಾಂಬರು ಇನ್ನೂ ಆರಿಲ್ಲ. ಕಲಬುರಗಿಯ ಸರ್ದಾರ್ ಪಟೇಲ್ ವೃತ್ತದ ಅಂಚಿನಲ್ಲಿ ನೀವು ನಿಂತಿದ್ದೀರಿ. ಇನ್ನು ಎರಡು ಮೂರು ತಾಸಿಗೆ ಪೊಲೀಸ್ ಬ್ಯಾಂಡು ಬರುತ್ತದೆ, ಮಂತ್ರಿಗಳ ಕಾರುಗಳು ಬರುತ್ತವೆ, ಪಟೇಲರ ಪ್ರತಿಮೆಯ ಕೊರಳಿಗೆ ಮಾಲೆ ಬೀಳುತ್ತದೆ. ಇವತ್ತು ಸೆಪ್ಟೆಂಬರ್ 17, ಕಲ್ಯಾಣ ಕರ್ನಾಟಕ ಉತ್ಸವ. ಅದಕ್ಕೂ ಮೊದಲು ಈ ವೃತ್ತ ಪೌರಕಾರ್ಮಿಕರದು. ಸೀರೆಯ ಮೇಲೆ ಪಾಲಿಕೆಯ ಕೋಟು ತೊಟ್ಟ ಹೆಂಗಸರು ಉದ್ದ ಕಸಬರಿಗೆ ಹಿಡಿದು ಒದ್ದೆ ಎಲೆ, ಗುಟ್ಕಾ ಚೀಟಿ, ಹಳೆ ಹೂವಿನ ನಾರು ಎಲ್ಲವನ್ನೂ ಒಂದು ಕಡೆ ಒಟ್ಟುತ್ತಿದ್ದಾರೆ. ಒಬ್ಬಾಕೆ ನಿಮ್ಮ ಕಾಲ ಹತ್ತಿರಕ್ಕೇ ಬಂದು ನಿಲ್ಲುತ್ತಾಳೆ.

"ಜರಾ ಆಕಡಿ ಸರೀರಿ ಯಣ್ಣಾ."

ಸರಿಯುತ್ತೀರಿ. ಆಕೆ ಗುಡಿಸಿಕೊಂಡು ಮುಂದೆ ಹೋಗುತ್ತಾಳೆ. ಇವರೆಲ್ಲ ಯಾವ ಕೇರಿಯಿಂದ ಬಂದವರು ಎಂದು ನೀವು ಕೇಳುವುದಿಲ್ಲ. ಕೇಳದೆಯೇ ಗೊತ್ತಿರುತ್ತದೆ.

ಎಂಟರ ಹೊತ್ತಿಗೆ ವೃತ್ತ ತುಂಬಿದೆ. ಶಾಲೆಯ ಮಕ್ಕಳು ಕೈಯಲ್ಲಿ ಸಣ್ಣ ಬಾವುಟ ಹಿಡಿದು ಸಾಲುಗಟ್ಟಿದ್ದಾರೆ. 1947ರ ಆಗಸ್ಟ್ 15ರಂದು ದಿಲ್ಲಿಯಲ್ಲಿ ಏರಿದ ಬಾವುಟ ಈ ಊರಿಗೆ ಬರಲು 13 ತಿಂಗಳು ಬೇಕಾದವು. ಆಗ ಇದು ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಸೀಮೆ. ನಿಜಾಮರ ಪರ ನಿಂತ ಕಾಸಿಂ ರಜ್ವಿಯ ಸಶಸ್ತ್ರ ಪಡೆ, ರಜಾಕಾರರು, ಹಳ್ಳಿಗಳ ಮೇಲೆ ಬಿದ್ದಿದ್ದರು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಗೆ ಬಂತು, 17ಕ್ಕೆ ನಿಜಾಮರು ಶರಣಾದರು. ಮೈಕಿನಲ್ಲಿ ಇವತ್ತೂ ಅದೇ ಕಥೆ. ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ಸತ್ತವರ ನೆನಪು, ಗಡಿ ಶಿಬಿರಗಳಲ್ಲಿ ಹೋರಾಡಿದವರ ನೆನಪು. ಆ ಜನ ಪಟ್ಟ ಕಷ್ಟ ಸಣ್ಣದಲ್ಲ, ಚಪ್ಪಾಳೆ ತಟ್ಟುವಾಗ ನಿಮ್ಮ ಕೈ ಹಿಂಜರಿಯುವುದಿಲ್ಲ.

ಮೈಕಿನಲ್ಲಿ ಬಾರದ ಮಾತೂ ಇದೆ. ಆ ಸೆಪ್ಟೆಂಬರಿನ ಮರುವಾರಗಳಲ್ಲಿ ಸೇಡಿನ ಕೊಲೆಗಳು ನಡೆದವು. ನೆಹರೂ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್ ತಂಡ ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳನ್ನು ಹೆಸರಿಸಿತು: ಉಸ್ಮಾನಾಬಾದ್, ಗುಲಬರ್ಗಾ (ಇಂದಿನ ಕಲಬುರಗಿ), ಬೀದರ್, ನಾಂದೇಡ್. ಒಟ್ಟು 27 ಸಾವಿರದಿಂದ 40 ಸಾವಿರ ಮಂದಿ ಸತ್ತಿರಬಹುದೆಂದು ಅದು ಅಂದಾಜು ಮಾಡಿತು. ಸತ್ತವರಲ್ಲಿ ಹೆಚ್ಚಿನವರು ಮುಸ್ಲಿಮರು. ಆ ವರದಿ ದಶಕಗಟ್ಟಲೆ ಹೊರಬರಲಿಲ್ಲ. ಬಿಡುಗಡೆಯ ದಿನವನ್ನು ಮನಸಾರೆ ಆಚರಿಸುವ ಊರಿಗೆ ಈ ಲೆಕ್ಕವನ್ನೂ ಗಟ್ಟಿಯಾಗಿ ಓದುವ ಧೈರ್ಯ ಬರಬೇಕು.

ಜನ ಚದುರುತ್ತಿದ್ದಂತೆ ಆಟೋ ಹಿಡಿದು ಕೋಟೆಗೆ ಹೋಗುತ್ತೀರಿ. ಹೊರಗೆ ಕಂದಕದ ನೀರು ಹಸಿರುಗಟ್ಟಿದೆ, ಒಳಗೆ 1367ರ ಜಾಮಿಯಾ ಮಸೀದಿ. ಅಂಗಳವೇ ಇಲ್ಲದೆ ಇಡೀ ಕಟ್ಟಡಕ್ಕೆ ಚಾವಣಿ ಹೊದಿಸಿದ್ದಾರೆ. ಕಮಾನಿನ ಹಿಂದೆ ಕಮಾನು, ಅದರ ಹಿಂದೆ ಮತ್ತೊಂದು, ನೆರಳಲ್ಲಿ ಪಾರಿವಾಳಗಳ ಗುಟುರು. ಇಲ್ಲಿ ನಿಂತು ಒಬ್ಬ ಮನುಷ್ಯನನ್ನು ನೆನೆಯಬೇಕು. ಅವನ ಹೆಸರು ದಸ್ತೂರ್ ದೀನಾರ್. ಆಫ್ರಿಕಾ ಮೂಲದ ಹಬ್ಶಿ. ಸಮುದ್ರದಾಚೆಯಿಂದ ಗುಲಾಮರಾಗಿ ದಖ್ಖನಿಗೆ ಬಂದು ದಂಡಿನಲ್ಲಿ, ಅರಮನೆಯಲ್ಲಿ ಮೇಲೇರಿದವರ ಪೈಕಿ ಅವನು. ಬಹಮನಿ ರಾಜ್ಯ ಕುಸಿಯುತ್ತಿದ್ದ ಕಾಲದಲ್ಲಿ ಗುಲಬರ್ಗಾ ಸೀಮೆ ಅವನ ಕೈಯಲ್ಲಿತ್ತು. ದಂಗೆ ಎದ್ದ, ಸೋತ, ಕ್ಷಮೆ ಪಡೆದು ಮತ್ತೆ ಇಲ್ಲಿಗೇ ಬಂದ, 1504ರಲ್ಲಿ ಬಿಜಾಪುರದ ಯೂಸುಫ್ ಆದಿಲ್ ಖಾನನ ದಂಡಿನೆದುರು ಸತ್ತ. ಮುಂದೆ ಅಹಮದ್‌ನಗರದಲ್ಲಿ ಮಲಿಕ್ ಅಂಬರ್ ಇದೇ ದಾರಿ ಹಿಡಿದು ಇನ್ನೂ ಎತ್ತರಕ್ಕೆ ಹೋದ.

ಗುಲಾಮನಾಗಿ ಬಂದವನು ಕೋಟೆಯ ಒಡೆಯನಾದ ಎಂದರೆ ಕೇಳಲು ಚೆನ್ನ. ಆದರೆ ಒಬ್ಬ ಮೇಲೇರಿದಾಗ ಬಂದರಿನ ಗುಲಾಮರ ಸಂತೆ ಮುಚ್ಚಲಿಲ್ಲ. ಹಡಗುಗಳು ಬರುತ್ತಲೇ ಇದ್ದವು. ಆಫ್ರಿಕಾದಿಂದ ತಂದ ಬೇರೆ ಎಷ್ಟೋ ಜನರ ಮಕ್ಕಳು ಇವತ್ತಿಗೂ ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಸಿದ್ದಿಗಳಾಗಿ ಬದುಕುತ್ತಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ. ಅವರಲ್ಲೊಬ್ಬರು, ಶಾಂತಾರಾಮ ಸಿದ್ದಿ, ವಿಧಾನ ಪರಿಷತ್ತಿಗೆ ಕಾಲಿಟ್ಟದ್ದು 2020ರಲ್ಲಿ. ದಸ್ತೂರ್ ದೀನಾರ್ ಸತ್ತು ಐನೂರು ವರ್ಷ ದಾಟಿದ ಮೇಲೆ.

ಜಗತ್ ವೃತ್ತಕ್ಕೆ ಬರುವಾಗ ಬಿಸಿಲು ಚುರುಗುಟ್ಟುತ್ತಿದೆ. ಅಂಬೇಡ್ಕರರ ಪ್ರತಿಮೆಯ ಸುತ್ತ ನೀಲಿ ಬಾವುಟಗಳು. ಏಪ್ರಿಲ್ 14ರ ಸಂಜೆ ಈ ಜಾಗದಲ್ಲಿ ಕಾಲಿಡಲು ತಾವಿರುವುದಿಲ್ಲ, ಡೋಲಿನ ಸದ್ದಿಗೆ ಎದೆ ನಡುಗುತ್ತದೆ. ಇವತ್ತು ಅಷ್ಟಿಲ್ಲ. ಸೈಕಲ್ ನಿಲ್ಲಿಸಿದ ಒಬ್ಬ ಹಿರಿಯ ಪ್ರತಿಮೆಗೆ ಕೈ ಮುಗಿದು, ನಿಮ್ಮತ್ತ ತಿರುಗಿ "ಜೈ ಭೀಮ್ ಸರ್" ಎನ್ನುತ್ತಾರೆ. ನೀವೂ ಅನ್ನುತ್ತೀರಿ.

ಬೆಳಗಿನ ಭಾಷಣಗಳಲ್ಲಿ ಕಾಣಿಸದ ಬಿ. ಶ್ಯಾಮಸುಂದರ್ ಇಲ್ಲಿ ನೆನಪಿಗೆ ಬರುತ್ತಾರೆ. ಹೈದರಾಬಾದ್ ಸಂಸ್ಥಾನದ ದಲಿತ ನಾಯಕ. 1948ರ ಸೆಪ್ಟೆಂಬರ್ 16ರಂದು ಪ್ಯಾರಿಸ್‌ನಲ್ಲಿ ಭದ್ರತಾ ಮಂಡಳಿ ಹೈದರಾಬಾದಿನ ದೂರು ಕೇಳಲು ಕೂತಾಗ ನಿಜಾಮರು ಕಳಿಸಿದ ನಿಯೋಗದಲ್ಲಿ ಇವರೂ ಇದ್ದರು. ನಾವು ಹಬ್ಬ ಮಾಡುವ ದಿನದ ಎದುರು ಪಕ್ಷದಲ್ಲಿ! ಯಾಕೆ? ಬಿಳಿಯ ದೊರೆ ಹೋಗಿ, ನವಾಬ ಹೋಗಿ, ಊರಗೌಡನ ಕೈಗೆ ಅಧಿಕಾರ ಬಂದರೆ ಕೇರಿಗೆ ಏನು ಬಂತು ಎಂಬುದು ಆ ಕಾಲದ ಅನೇಕ ದಲಿತರ ಭಯವಾಗಿತ್ತು. ಅಂಬೇಡ್ಕರರಿಗೂ ಆ ಭಯ ಗೊತ್ತಿತ್ತು, ಆದರೆ ಅವರ ತೀರ್ಮಾನ ಬೇರೆ. ನಿಜಾಮರ ಪಕ್ಷ ಹಿಡಿಯಬೇಡಿ ಎಂದು 1947ರ ನವೆಂಬರ್‌ನಲ್ಲೇ ಹೈದರಾಬಾದಿನ ದಲಿತರಿಗೆ ಅವರು ಖಡಾಖಂಡಿತವಾಗಿ ಹೇಳಿದ್ದರು. ಅಂಬೇಡ್ಕರರೇ ಸರಿ ಎಂದು ನನ್ನ ಮನಸ್ಸು ಹೇಳುತ್ತದೆ. ರಜಾಕಾರರ ಬೆಂಕಿ ಕೇರಿಯನ್ನು ಬಿಟ್ಟು ಸುಡಲಿಲ್ಲ. ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ ಒಂದು ದಲಿತ ಮನೆಗೆ ಬೆಂಕಿ ಬಿದ್ದು ತಾಯಿ, ಮಗಳು ಸುಟ್ಟುಹೋದರು. ಅಪ್ಪ ಉಳಿದ ಹುಡುಗನನ್ನು ಕಟ್ಟಿಕೊಂಡು ಗುಲಬರ್ಗಾಕ್ಕೆ ಬಂದು ಎಂ.ಎಸ್.ಕೆ. ಮಿಲ್ಲಿನಲ್ಲಿ ಕೆಲಸಕ್ಕೆ ಸೇರಿದ. ಆ ಹುಡುಗ ಮಲ್ಲಿಕಾರ್ಜುನ ಖರ್ಗೆ.

ಹಾಗಿದ್ದೂ ಶ್ಯಾಮಸುಂದರ್ ಎತ್ತಿದ ಪ್ರಶ್ನೆ ಸಾಯಲಿಲ್ಲ. ಇಪ್ಪತ್ತು ವರ್ಷ ಕಳೆದ ಮೇಲೆ, 1968ರ ಏಪ್ರಿಲ್‌ನಲ್ಲಿ, ಅವರು ಇದೇ ಗುಲಬರ್ಗಾದಲ್ಲಿ ಭೀಮ ಸೇನೆ ಕಟ್ಟಿದರು. ಕೇರಿಯ ಮೇಲೆ ಕೈ ಎತ್ತಿದರೆ ಕೇರಿಯೇ ತಡೆಯಬೇಕು ಎಂಬುದು ಅದರ ಹಟ. ಮುಂಬಯಿಯ ದಲಿತ ಪ್ಯಾಂಥರ್ಸ್ ಹುಟ್ಟಿದ್ದು 1972ರಲ್ಲಿ, ಅದಕ್ಕೂ ನಾಲ್ಕು ವರ್ಷ ಮೊದಲಿನ ಮಾತಿದು. ಈ ಊರಿನ ಮಕ್ಕಳ ಪಠ್ಯದಲ್ಲಿ ಇದಕ್ಕೊಂದು ಪುಟ ಇರಬೇಕಿತ್ತು.

ಅದೇ ಏಪ್ರಿಲ್ 4ರಂದು ಅಮೆರಿಕದ ಮೆಂಫಿಸ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಗುಂಡಿಗೆ ಬಲಿಯಾಗಿದ್ದರು. ಅವರು ಆ ಊರಿಗೆ ಹೋಗಿದ್ದೇ ಕಸ ಹೊರುವವರ ಮುಷ್ಕರಕ್ಕೆ. ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಇಬ್ಬರು ಕಪ್ಪು ಕಾರ್ಮಿಕರು ಸತ್ತಿದ್ದರು, ಉಳಿದವರು ತಾವೂ ಮನುಷ್ಯರೆಂದು ಬರೆದ ಫಲಕ ಕೊರಳಿಗೆ ಹಾಕಿಕೊಂಡು ಬೀದಿಗೆ ಇಳಿದಿದ್ದರು. ಬೆಳಿಗ್ಗೆ ನಿಮ್ಮನ್ನು ಸರಿಯಲು ಹೇಳಿದ ಹೆಂಗಸಿನದೂ ಅದೇ ಕೆಲಸ. 1959ರಲ್ಲಿ ಕೇರಳದ ಒಂದು ಶಾಲೆಯಲ್ಲಿ ಕಿಂಗ್ ಅವರನ್ನು ಅಮೆರಿಕದ ಅಸ್ಪೃಶ್ಯರೆಂದು ಮಕ್ಕಳಿಗೆ ಪರಿಚಯಿಸಿದಾಗ ಅವರಿಗೆ ಮೊದಲು ಚುಚ್ಚಿತು, ಆಮೇಲೆ ಹೌದೆನ್ನಿಸಿತು. ಅದಕ್ಕೂ ಹಿಂದೆ, 1946ರಲ್ಲಿ, ಅಂಬೇಡ್ಕರರು ಅಮೆರಿಕದ ಕಪ್ಪು ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್‌ಗೆ ಕಾಗದ ಬರೆದಿದ್ದರು. ಅಮೆರಿಕದ ಕಪ್ಪು ಜನ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಬೇಕಿತ್ತು ಅವರಿಗೆ.

ಮಧ್ಯಾಹ್ನ ಬಸ್ ನಿಲ್ದಾಣ. ಹುಮನಾಬಾದ್ ಕಡೆಯ ಬಸ್ಸಿಗೆ ಜನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಿದ್ದಾರೆ. ನಿಮಗೆ ಹಿಂದಿನ ಚಕ್ರದ ಮೇಲಿನ ಸೀಟು ಸಿಕ್ಕಿದೆ. 2023ರ ಜೂನ್‌ನಿಂದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಅರ್ಧ ಬಸ್ಸಿಗಿಂತ ಹೆಚ್ಚು ಅವರೇ. ಕಂಕುಳಲ್ಲಿ ಕೂಸು, ಕಾಲ ಬಳಿ ಚೀಲ, ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಹಿಂಡಿ. ದನಿ ತಗ್ಗಿಸದೆ ಸಂಸಾರದ ಸುದ್ದಿ. ಈ ಮಾತನ್ನು, ಅದರ ಬೈಗುಳ ಸಮೇತ, ಮಿಲ್ ಕಾರ್ಮಿಕನ ಮಗಳು ಗೀತಾ ನಾಗಭೂಷಣ ಕಾದಂಬರಿಗೆ ತಂದರು. 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಊರು ದಾಟಿದರೆ ಎರಡೂ ಕಡೆ ತೊಗರಿ. ಮಳೆ ಹೆಚ್ಚಾಗಿ ತಗ್ಗಿನ ಹೊಲಗಳಲ್ಲಿ ಗಿಡ ಹಳದಿಗೆ ತಿರುಗಿದೆ, ಎರೆಮಣ್ಣಿನಲ್ಲಿ ನೀರು ನಿಂತಿದೆ. ಪಕ್ಕ ಕೂತವರು ಬಿಳಿ ಅಂಗಿ, ಧೋತರದ ಹಿರಿಯರು. ನಿಮಗೆ ಸರಿದು ಜಾಗ ಕೊಟ್ಟವರು, ನಕ್ಕವರು. ಮಹಾಗಾಂವ ಕ್ರಾಸ್ ಬರುವ ಮೊದಲೇ ಮಾತಿಗಿಳಿಯುತ್ತಾರೆ.

"ಯಾವೂರ್ರಿ ನಿಮ್ದು?"

ಹೇಳುತ್ತೀರಿ.

"ಅಡ್ಡಹೆಸರು ಏನ್ ಬರ್ತದ್ರಿ?"

ನಿಮ್ಮ ಬಾಯಿ ಒಂದು ಕ್ಷಣ ಕಟ್ಟುತ್ತದೆ. ಪ್ರಶ್ನೆಯಲ್ಲಿ ಸಿಟ್ಟಿಲ್ಲ, ದ್ವೇಷವಿಲ್ಲ. ಇಲ್ಲಿ ನೂರು ಜನ ನೂರು ಸಲ ಕೇಳುವ ಪ್ರಶ್ನೆ. 1955ರ ಡಿಸೆಂಬರ್ 1ರಂದು ಅಮೆರಿಕದ ಮಾಂಟ್‌ಗೊಮರಿಯ ಬಸ್ಸಿನಲ್ಲಿ ರೋಸಾ ಪಾರ್ಕ್ಸ್ ಸೀಟು ಬಿಟ್ಟು ಏಳಲಿಲ್ಲ. ಆಕೆ ಯಾರೆಂದು ಯಾರೂ ಕೇಳಬೇಕಾಗಿರಲಿಲ್ಲ, ಚರ್ಮದ ಬಣ್ಣವೇ ಹೇಳುತ್ತಿತ್ತು. ನಮ್ಮಲ್ಲಿ ಮೈಬಣ್ಣ ಏನನ್ನೂ ಹೇಳುವುದಿಲ್ಲ. ಅದಕ್ಕೇ ಕೇಳಬೇಕಾಗುತ್ತದೆ. ಊರು ಕೇಳಿ, ಅಡ್ಡಹೆಸರು ಕೇಳಿ, ಅದರಲ್ಲೂ ಗೊತ್ತಾಗದಿದ್ದರೆ "ಯಾರ ಪೈಕಿ" ಎಂದು ಕೇಳಿ, ಆಮೇಲೆ ಮನಸ್ಸು ತನ್ನ ಜಾಗಕ್ಕೆ ಕೂರುತ್ತದೆ. ಕಾನೂನು ಈ ಸೀಟನ್ನು ಎಲ್ಲರದೂ ಮಾಡಿದೆ, ಅದು ದೊಡ್ಡ ಗೆಲುವೇ. ಆದರೆ ಈ ಪ್ರಶ್ನೆಗೆ ಉತ್ತರಿಸುವಾಗ ಒಬ್ಬರ ನಾಲಿಗೆ ಸರಾಗವಾಗಿ ಹೊರಳುತ್ತದೆ, ಇನ್ನೊಬ್ಬರ ನಾಲಿಗೆ ಒಣಗುತ್ತದೆ. ನಗರದಲ್ಲಿ ಬಾಡಿಗೆ ಮನೆ ಹುಡುಕಿದ ಎಷ್ಟೋ ಹುಡುಗರು ಅಡ್ಡಹೆಸರನ್ನೇ ಬಿಟ್ಟು ಬರೀ ಅಕ್ಷರ ಇಟ್ಟುಕೊಂಡಿದ್ದಾರೆ. ಹೆಸರನ್ನು ಪೂರ್ತಿ ಹೇಳಿ, ಎದುರಿನವರ ಮುಖ ನೋಡದೆ ಕಿಟಕಿಯಾಚೆ ನೋಡಲು ಸಾಧ್ಯವಾಗುವುದು, ನನ್ನ ಮಟ್ಟಿಗೆ ಸ್ವಾತಂತ್ರ್ಯ ಅಂದರೆ ಅದು.

ಇದೇ ರಸ್ತೆ ಹುಮನಾಬಾದಿಗೆ, ಮುಂದೆ ಬಸವಕಲ್ಯಾಣಕ್ಕೆ ಹೋಗುತ್ತದೆ. ಹನ್ನೆರಡನೇ ಶತಮಾನದಲ್ಲಿ ಅಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು. ಇಬ್ಬರು ಬೀಗರಿಗೂ ಬಿಜ್ಜಳನ ಆಳ್ವಿಕೆ ಮರಣದಂಡನೆ ಕೊಟ್ಟಿತು. ಅಂಥ ಮದುವೆಗೆ ಇವತ್ತೂ ಪೊಲೀಸ್ ರಕ್ಷಣೆ ಕೇಳುವ ಜೋಡಿಗಳು ಈ ಸೀಮೆಯಲ್ಲಿದ್ದಾರೆ.

"ಕಮಲಾಪುರ, ಕಮಲಾಪುರ, ಇಳೀರಿ ಇಳೀರಿ." ಕಂಡಕ್ಟರ್ ಬಾಗಿಲು ಬಡಿಯುತ್ತಾನೆ.

ರಸ್ತೆ ಬದಿಯ ಗಾಡಿಯಲ್ಲಿ ಕೆಂಪು ಬಾಳೆಯ ಗೊನೆ ತೂಗಿದೆ. ಸಿಪ್ಪೆ ಬೀಟ್‌ರೂಟಿನ ಬಣ್ಣ, ಒಳಗೆ ದಪ್ಪ, ಸಿಹಿ ತಿರುಳು. ಈ ಊರ ಹೆಸರಲ್ಲೇ ಅದಕ್ಕೆ ಭೌಗೋಳಿಕ ಸೂಚಕ ಸಿಕ್ಕಿದೆ. ಎರಡು ಹಣ್ಣು ಕೊಂಡು ತಾಂಡಾದ ದಾರಿ ಹಿಡಿಯುತ್ತೀರಿ. ಈ ಗುಡ್ಡದ ಸುತ್ತ ಲಂಬಾಣಿ ತಾಂಡಾಗಳು ಬಹಳ. ಸೇವಾಲಾಲರ ಗುಡಿಯ ಮೇಲೆ ಬಿಳಿ ಬಾವುಟ, ಕಟ್ಟೆಯಲ್ಲಿ ನಾಯಕ, ಕಾರಭಾರಿ ಕೂತು ಮಾತಾಡುತ್ತಿದ್ದಾರೆ, ಕನ್ನಡವಲ್ಲ, ಗೋರಬೋಲಿ. ನಿಮ್ಮನ್ನು ಕಂಡು ಕನ್ನಡಕ್ಕೆ ಹೊರಳುತ್ತಾರೆ.

ಇವರ ಬಿಡುಗಡೆಯ ದಿನ ಬೇರೆಯೇ. ಬ್ರಿಟಿಷರು 1871ರಲ್ಲಿ ತಂದ ಕಾಯ್ದೆ ಅಲೆಮಾರಿ ಜನರನ್ನು ಹುಟ್ಟಿನಿಂದಲೇ ಕಳ್ಳರೆಂದು ಬರೆದಿಟ್ಟಿತು. ದೇಶದ ಅನೇಕ ಕಡೆ ಲಂಬಾಣಿಗಳು, ಅಂದರೆ ಬಂಜಾರರೂ ಆ ಪಟ್ಟಿಯಲ್ಲಿದ್ದರು. ಸ್ವತಂತ್ರ ಭಾರತ ಅದನ್ನು ಅಳಿಸಿದ್ದು 1952ರ ಆಗಸ್ಟ್ 31ಕ್ಕೆ, ಕೆಂಪುಕೋಟೆಯ ಮೇಲೆ ಬಾವುಟ ಏರಿ ಐದು ವರ್ಷ ಆದ ಮೇಲೆ. ಆಮೇಲೂ ಅನೇಕ ತಾಂಡಾಗಳು ಕಂದಾಯದ ಕಡತದಲ್ಲಿ ಊರುಗಳೇ ಆಗಿರಲಿಲ್ಲ. ಮನೆ ಇತ್ತು, ಅಡಿಯ ನೆಲ ಇವರದೆಂದು ಹೇಳುವ ಕಾಗದ ಇರಲಿಲ್ಲ. 2023ರ ಜನವರಿ 19ರಂದು ಇದೇ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿ ಐದು ಜಿಲ್ಲೆಗಳ ಸುಮಾರು 50 ಸಾವಿರ ಕುಟುಂಬಗಳಿಗೆ ಹಕ್ಕುಪತ್ರ ಕೊಡುವ ಕಾರ್ಯಕ್ರಮ ನಡೆಸಿದರು.

ಒಬ್ಬ ಅಜ್ಜಿ ಒಳಗಿಂದ ಪ್ಲಾಸ್ಟಿಕ್ ಚೀಲ ತರುತ್ತಾಳೆ. ಚೀಲದೊಳಗೆ ಇನ್ನೊಂದು ಚೀಲ, ಅದರೊಳಗೆ ಆಧಾರ್ ಕಾರ್ಡು, ರೇಷನ್ ಕಾರ್ಡು, ಹಕ್ಕುಪತ್ರ. ಓದಲು ಬಾರದು, ತನ್ನ ಹೆಸರಿರುವ ಸಾಲನ್ನು ಬೆರಳಿಟ್ಟು ತೋರಿಸುತ್ತಾಳೆ. ಮಗ, ಸೊಸೆ ಪುಣೆಗೆ ದುಡಿಯಲು ಹೋಗಿದ್ದಾರೆ, ದೀಪಾವಳಿಗೆ ಬರುತ್ತಾರೆ. "ಮನಿ ನಮ್ದು ಆತ್ರಿ. ಇನ್ನ ಇರಾಕ ಊರಾಗ ಕೆಲ್ಸ ಬೇಕಲ್ರಿ," ಎನ್ನುತ್ತಾಳೆ.

ಸಂಜೆ ಮತ್ತೆ ರಸ್ತೆಗೆ ಬಂದು ಚಹಾ ಹೇಳುತ್ತೀರಿ. ಹಳ್ಳಿಯ ಹೋಟೆಲುಗಳಲ್ಲಿ ಒಂದು ಕಾಲಕ್ಕೆ ಕೇರಿಯವರ ಲೋಟ ಹೊರಗಿನ ಗೂಡಿನಲ್ಲಿರುತ್ತಿತ್ತು. ಇಲ್ಲಿ ಎಲ್ಲರಿಗೂ ಒಂದೇ ಥರದ ಸಣ್ಣ ಗಾಜಿನ ಲೋಟ. ಬೆಂಚಿನ ಮೇಲೆ ಇಬ್ಬರು ಯುವಕರು, ಒಬ್ಬ ಮಾದಿಗರ ಹುಡುಗ, ಒಬ್ಬ ತಾಂಡಾದವನು, ಒಳಮೀಸಲಾತಿಯ ಮೇಲೆ ಏರಿದ ದನಿಯಲ್ಲಿ ವಾದಕ್ಕೆ ಬಿದ್ದಿದ್ದಾರೆ. ಸುಪ್ರೀಂ ಕೋರ್ಟು 2024ರ ಆಗಸ್ಟ್ 1ರಂದು ದಾರಿ ತೆರೆಯಿತು, ಮರುವರ್ಷ ರಾಜ್ಯ ಸರ್ಕಾರ ಪರಿಶಿಷ್ಟ ಜಾತಿಗಳ ಶೇ 17ರ ಮೀಸಲಾತಿಯನ್ನು 6, 6, 5 ಎಂದು ಹಂಚಿತು. ಮೂವತ್ತು ವರ್ಷ ಬೀದಿಯಲ್ಲಿ ಕೂತು ಪಡೆದದ್ದು ಎನ್ನುತ್ತಾನೆ ಮೊದಲನೆಯವನು. ನಮ್ಮ ತಾಟಿನಿಂದ ಕಿತ್ತದ್ದು ಎನ್ನುತ್ತಾನೆ ಎರಡನೆಯವನು. ಮಾದಿಗರ ಹುಡುಗನ ಮಾತು ಸರಿ ಎಂದು ನನಗೆ ಅನ್ನಿಸುತ್ತದೆ, ಎಲ್ಲರಿಗಿಂತ ಹಿಂದೆ ಉಳಿದವರು ಮೊದಲು ಕೇಳಬೇಕಾದ್ದೇ. ತಾಂಡಾದವನ ಭಯವೂ ಸುಳ್ಳಲ್ಲ. ಇಬ್ಬರಿಗೂ ಡಿಗ್ರಿ ಆಗಿದೆ, ಇಬ್ಬರಿಗೂ ಕೆಲಸವಿಲ್ಲ.

"ಅಣ್ಣಾ, ನೀವರ ಹೇಳ್ರಿ, ಯಾರ್ದು ಖರೇ?" ತಾಂಡಾದ ಹುಡುಗ ನಿಮ್ಮ ಕಡೆ ತಿರುಗಿದ್ದಾನೆ. ಮಾದಿಗರ ಹುಡುಗ ಬೆಂಚಿನಲ್ಲಿ ಸರಿದು ನಡುವೆ ಜಾಗ ಮಾಡುತ್ತಾನೆ. ನಿಮ್ಮ ಊರು ಯಾವುದು, ಅಡ್ಡಹೆಸರು ಏನು ಎಂದು ಇಬ್ಬರೂ ಕೇಳಿಲ್ಲ. ಲೋಟ ಹಿಡಿದು ಕೂರುತ್ತೀರಿ, ಮಾತು ಶುರು ಮಾಡುತ್ತೀರಿ.