ಜಾತ್ರೆಯ ಗೋಡೆಗೆ ದಪ್ಪ ಅಕ್ಷರ

ಬಾದಾಮಿಯ ಬನಶಂಕರಿ ಜಾತ್ರೆ ಹತ್ತಿರ ಬಂತೆಂದರೆ ಗದಗಿನ ಪ್ರೆಸ್ಸುಗಳಲ್ಲಿ ದುಡಿಯುತ್ತಿದ್ದ ನಮಗೆಲ್ಲ ಹಗಲು ರಾತ್ರಿ ಒಂದೇ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ಅಲ್ಲಿ ವಾರಗಟ್ಟಲೆ ನಾಟಕಗಳು ನಡೆಯುತ್ತಿದ್ದವು. ಗೋಡೆಪತ್ರ ಮಾಡಿಸಲು ಬಂದ ಕಂಪನಿ ಮ್ಯಾನೇಜರುಗಳೆಲ್ಲರ ಬೇಡಿಕೆಯೂ ಒಂದೇ: “ನಾಟಕದ ಹೆಸರು ದಪ್ಪಗ, ಅಗಲಕ ಬರಬೇಕ್ರಿ!”

ಆ ಅಕ್ಷರಗಳು ಮರದವು. ಸೀಸದ ಅಚ್ಚುಮೊಳೆ 72 ಪಾಯಿಂಟಿಗೆ, ಅಂದರೆ ಸುಮಾರು ಒಂದು ಇಂಚಿಗೆ, ಬರುವಷ್ಟರಲ್ಲಿ ಕೈಗೂ ಭಾರ, ಜೇಬಿಗೂ ಭಾರ. ಅದಕ್ಕಿಂತ ದೊಡ್ಡವನ್ನು ಮರದಲ್ಲಿ ಕೊರೆದಿರುತ್ತಿದ್ದರು. ಸವೆದ ಅಕ್ಷರದ ಅಡಿಗೆ ಕಾಗದದ ಚೂರು ಇಟ್ಟು ಎತ್ತರ ಸರಿಮಾಡುತ್ತಿದ್ದೆವು. ನೀರು ತಾಗಿದರೆ ಮರ ಉಬ್ಬುತ್ತದೆ. ಹಾಗಾಗಿ ಕೆಲಸ ಮುಗಿದ ಮೇಲೆ ಚಿಮಣಿ ಎಣ್ಣೆಯ ಅರಿವೆಯಿಂದ ಒರೆಸಿಡುತ್ತಿದ್ದೆವು. ಆ ವಾಸನೆ ಅಂಗಿಯಿಂದ ಹೋಗುತ್ತಲೇ ಇರಲಿಲ್ಲ.

ಕನ್ನಡದ ಅಕ್ಷರ ಹುಟ್ಟಾ ದುಂಡು. ಅಡ್ಡಕ್ಕೆ ಹರಡುವುದು ಅದಕ್ಕೆ ಸಲೀಸು. ಕಷ್ಟವೆಲ್ಲ ಒತ್ತಕ್ಷರದ್ದು. ‘ಸದಾರಮೆ’ ನಾಟಕವೆಂದರೆ ನಮಗೆ ಹಬ್ಬ. ಒತ್ತಿಲ್ಲದ ನಾಲ್ಕೇ ಅಕ್ಷರ. ಹಾಳೆಯ ಈ ಅಂಚಿನಿಂದ ಆ ಅಂಚಿನವರೆಗೆ ಮೈಚಾಚಿ ಕೂರುತ್ತಿತ್ತು. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ ಬಂದರೆ ಕೆಳಗಿನ ಒತ್ತುಗಳಿಗೆ ಜಾಗ ಬೇಕು. ನಟರ ಹೆಸರು, ಟಿಕೆಟ್ ದರ ಎಲ್ಲ ಕೆಳಗೆ ಸರಿಯಬೇಕು. ಗೆರೆ ದಪ್ಪವಾದಷ್ಟೂ ಅಕ್ಷರದ ಒಳಗಿನ ಬಯಲು ಕಿರಿದಾಗುತ್ತದೆ. ಅಲ್ಲಿ ಶಾಯಿ ತುಂಬಿದರೆ ‘ಷ’ ಹೋಗಿ ‘ಪ’ದಂತೆ ಕಾಣುತ್ತದೆ, ‘ಥ’ದ ಚುಕ್ಕೆ ಮಾಯವಾಗುತ್ತದೆ.

ನಾವೆಲ್ಲ ಕಾಕಾ ಎಂದು ಕರೆಯುತ್ತಿದ್ದ ಹಿರಿಯ ಕಂಪೋಸಿಟರ್ ಇದನ್ನು ನಮ್ಮ ತಲೆಗೆ ತುಂಬಿದವರು. “ಕರೇದು ಎಷ್ಟರ ದಪ್ಪ ಇರ್ಲಿ ತಮ್ಮಾ, ಒಳಗಿನ ಬಿಳೇದು ಮುಚ್ಚಬಾರ್ದು” ಎನ್ನುತ್ತಿದ್ದರು. ಮೊದಲ ಪ್ರೂಫನ್ನು ಅವರು ಮೇಜಿನ ಮೇಲೆ ನೋಡುತ್ತಲೇ ಇರಲಿಲ್ಲ. ಎದುರುಗೋಡೆಗೆ ಅಂಟಿಸಿ, ನಮ್ಮನ್ನೆಲ್ಲ ರಸ್ತೆಯ ಈಚೆ ದಡಕ್ಕೆ ಕರೆದು, ಚಹಾ ತರಿಸಿ, ಒಬ್ಬೊಬ್ಬರಿಂದಲೂ ಓದಿಸುತ್ತಿದ್ದರು. ಯಾರ ಕಣ್ಣಾದರೂ ಎಡವಿದರೆ ಅಕ್ಷರ ಜೋಡಿಸಿದ ಫರ್ಮಾ ಬಿಚ್ಚಿ ಮತ್ತೆ ಕಟ್ಟುವುದೇ. ಬೇಸರಿಸಿಕೊಂಡವರಿಲ್ಲ. ಟ್ರೆಡಲ್ ತುಳಿಯುತ್ತ ನಾಟಕದ ಮಾತುಗಳನ್ನು ಒಬ್ಬ ಎತ್ತಿಕೊಂಡರೆ ಇನ್ನೊಬ್ಬ ಮುಂದುವರಿಸುತ್ತಿದ್ದ.

ಚಕ್ಕಡಿಯಲ್ಲಿ, ಬಸ್ಸಿನಲ್ಲಿ ಹೋಗುವವರಿಗೆ ಗೋಡೆ ಕಾಣುವುದು ಒಂದು ಗಳಿಗೆ. ಅಷ್ಟರಲ್ಲಿ ಯಾವ ನಾಟಕ, ಯಾವತ್ತು, ರಾಜನ ಪಾರ್ಟು ಯಾರದು ಎಂಬುದು ತಿಳಿಯಬೇಕು. ಅವರಲ್ಲಿ ಕೂಡಿಸಿ ಕೂಡಿಸಿ ಓದುವವರೇ ಹೆಚ್ಚು. ಆ ದಪ್ಪ ಅಕ್ಷರ ಅಂಥವರಿಗೆ ತೋರಿಸಿದ ಮರ್ಯಾದೆ ಎಂದೇ ನಾನು ಇಂದಿಗೂ ನಂಬಿದ್ದೇನೆ.

ಡಿಟಿಪಿ ಬಂತು, ಆಫ್‌ಸೆಟ್ ಬಂತು. ಮರದ ಅಕ್ಷರಗಳ ಪೆಟ್ಟಿಗೆಗಳು ಮೂಲೆ ಸೇರಿದವು. ಈಗ ಮುಂಬಯಿಯ ಏಕ್ ಟೈಪ್ ತಂಡ ರೂಪಿಸಿದ ‘ಬಾಲೂ ತಮ್ಮ’ದಂಥ ಗುಂಡುಗುಂಡಾದ ದಪ್ಪ ಕನ್ನಡ ಫಾಂಟು ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಅಂಗಡಿ ಬೋರ್ಡಿನಲ್ಲಿ, ಪುಸ್ತಕದ ಹೊದಿಕೆಯಲ್ಲಿ ಅಂಥ ಅಕ್ಷರ ಕಂಡಾಗ ಹಳೆಯ ಗೆಳೆಯರನ್ನೆಲ್ಲ ಕರೆದು ತೋರಿಸಬೇಕೆನಿಸುತ್ತದೆ. ಹೊಸದಾಗಿ ಅಕ್ಷರ ಬರೆಯುವ ಮಕ್ಕಳಿಗೆ ನನ್ನದೊಂದು ಮಾತು: ತೆರೆಯ ಮೇಲೆ ಚೆಂದ ಕಂಡಿತೆಂದು ಅಲ್ಲಿಗೇ ನಿಲ್ಲಿಸಬೇಡಿ. ಅಚ್ಚು ಹಾಕಿಸಿ, ಗೋಡೆಗೆ ಅಂಟಿಸಿ, ಓದಲು ತಡವರಿಸುವವರನ್ನು ಕರೆದು ರಸ್ತೆಯಾಚೆಯಿಂದ ಓದಿಸಿ. ಅವರು ಸಲೀಸಾಗಿ ಓದಿದರೆ ನಿಮ್ಮ ಅಕ್ಷರ ಗೆದ್ದಿತು.