ಗೊರಗೊರ ನಿಂತುಹೋದ ದಿನ

ಹಳೇ ಕಂಪ್ಯೂಟರು ಸದ್ದು ಮಾಡೋಕೆ ಶುರು ಮಾಡಿದರೆ ಮೂರು ಕಡೆ ಕಿವಿ ಇಡಬೇಕು: ಪ್ರಾಸೆಸರ್ ಮೇಲಿನ ಫ್ಯಾನು, ಹಾರ್ಡ್ ಡಿಸ್ಕು, ಮತ್ತೆ ಹಿಂದುಗಡೆ ಕರೆಂಟ್ ವೈರು ಚುಚ್ಚೋ ಆ ತಗಡಿನ ಡಬ್ಬಿ. ಅಂಗಡಿಯವರು ಅದಕ್ಕೆ ಎಸ್‌ಎಂಪಿಎಸ್ ಅಂತಾರೆ. ಅದರೊಳಗಿನ ಫ್ಯಾನಿಗೆ ವಯಸ್ಸಾದರೆ ಸದ್ದಿಗೊಂದು ಕ್ರಮ ಇರುತ್ತೆ. ಬೆಳಿಗ್ಗೆ ಆನ್ ಮಾಡಿದ ತಕ್ಷಣ ಗೊರ್ರ್ ಅನ್ನುತ್ತೆ, ಸ್ವಲ್ಪ ಬಿಸಿಯಾದ ಮೇಲೆ ತಣ್ಣಗಾಗುತ್ತೆ, ಚಳಿಗಾಲದಲ್ಲಿ ಜಾಸ್ತಿ. ಅಗ್ಗದ ಫ್ಯಾನಿನಲ್ಲಿ ಬಾಲ್ ಬೇರಿಂಗ್ ಇರೋಲ್ಲ, ಎಣ್ಣೆ ಕುಡಿದ ಒಂದು ಪುಟ್ಟ ಬುಷ್ ಇರುತ್ತೆ ಅಷ್ಟೇ. ಎಣ್ಣೆ ಒಣಗಿದರೆ ಕೀಲೆಣ್ಣೆ ಕಾಣದ ಎತ್ತಿನಗಾಡಿ ಅಚ್ಚಿನ ಥರ ಕೂಗುತ್ತೆ.

ಹೊಳಲೂರಿನ ನಮ್ಮ ಮನೆಯ ಕಂಪ್ಯೂಟರು ಹೀಗೆ ಕೂಗೋಕೆ ಶುರು ಮಾಡಿ ಒಂದು ಚಳಿಗಾಲ ಕಳೆದಿತ್ತು. 2011ರಲ್ಲಿ ತಂದದ್ದು. ಅಪ್ಪ ಮೇಷ್ಟರಾಗಿ ರಿಟೈರ್ ಆದ ಮೇಲೆ ಅದರಲ್ಲಿ ಎರಡೇ ಬೆರಳಲ್ಲಿ ಒಂದು ಕೆಲಸ ಮಾಡ್ತಿದ್ದಾರೆ. ಸುತ್ತಮುತ್ತಲಿನ ಗದ್ದೆ, ತೋಟ, ಕಟ್ಟೆಗಳ ಹೆಸರು, ಆ ಹೆಸರು ಯಾಕೆ ಬಂತು, ಯಾರು ಹೇಳಿದ್ದು, ಎಲ್ಲ ಬರೆದಿಡೋದು. ಹೇಳಿದವರಲ್ಲಿ ಅರ್ಧ ಜನ ಈಗ ಇಲ್ಲ. ಎಲ್ಲವೂ ಹಳೇ ನುಡಿಯಲ್ಲಿ, ಎಂಬತ್ತು ಚಿಲ್ಲರೆ ಪುಟ, ಒಂದೇ ಕಡತ, ಒಂದೇ ಹಾರ್ಡ್ ಡಿಸ್ಕು. ಪೆನ್‌ಡ್ರೈವ್ ಕೊಟ್ಟು ಬಂದಿದ್ದೆ. ಅದು ದೇವರ ಗೂಡಿನಲ್ಲಿ ಭದ್ರವಾಗಿದೆ, ಖಾಲಿಯಾಗಿ :)

ಸದ್ದಿಗೆ ಮನೆಯಲ್ಲಿ ಔಷಧಿ ಬೇಕಾದಷ್ಟಿತ್ತು. "ಎರಡು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ರೆ ಆಗಲ್ವೇನೋ?" ಅಂತ ಅಮ್ಮ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತೆ, ಚಳಿಯಲ್ಲಿ ಅದೇ ಫ್ಯಾನನ್ನ ಹಿಡಿದು ನಿಲ್ಲಿಸುತ್ತೆ. ಹೊಲಿಗೆ ಮಷೀನಿನ ಎಣ್ಣೆ ಬಿಟ್ಟರೆ ಕೆಲವು ತಿಂಗಳು ಓಡೀತು, ಆದರೆ ಅದಕ್ಕೆ ಡಬ್ಬಿ ಬಿಚ್ಚಬೇಕು. ಅಲ್ಲೇ ಇರೋದು ಅಪಾಯ. ಮನೆಗೆ ಬರೋ 230 ವೋಲ್ಟ್ ಒಳಗೆ ಡಿಸಿ ಆಗುವಾಗ ಸುಮಾರು 325 ವೋಲ್ಟ್ ಆಗಿ ಕೆಪಾಸಿಟರ್‌ಗಳಲ್ಲಿ ಕೂತಿರುತ್ತೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರಬಹುದು. "ನೀವು ಯಾರೂ ಮುಟ್ಟಬೇಡಿ, ಯುಗಾದಿಗೆ ಬಂದಾಗ ಹೊಸದು ತರ್ತೀನಿ" ಅಂದಿದ್ದೆ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಅಪ್ಪನ ಫೋನು. ದನಿಯಲ್ಲಿ ಖುಷಿ.

"ಸದ್ದು ನಿಂತೋಯ್ತು ಕಣೋ. ತಾನೇ ಸರಿಹೋಯ್ತು ನೋಡು. ಬೆಳಿಗ್ಗೆಯಿಂದ ಕೂತಿದೀನಿ, ಹನ್ನೊಂದು ಗದ್ದೆ ಮುಗಿಸಿದೆ."

ನನಗೆ ಎದೆ ಧಸಕ್ ಅಂತು. ಕೂಗೋ ಫ್ಯಾನು ತಿರುಗ್ತಾ ಇರುತ್ತೆ. ತಾನಾಗೇ ಸುಮ್ಮನಾದ ಫ್ಯಾನು ತಿರುಗ್ತಿರೋದೇ ಅನುಮಾನ.

"ಅಪ್ಪ, ಪೇಪರಿನ ಒಂದು ಚೂರು ಹರಿದು ಹಿಂದುಗಡೆ ಜಾಲರಿ ಹತ್ರ ಹಿಡೀರಿ. ಹಾರ್ತಿದ್ಯಾ?"

"ಇಲ್ಲ ಮಾರಾಯ, ನೆಟ್ಟಗೆ ನಿಂತಿದೆ. ಡಬ್ಬಿ ಮಾತ್ರ ಕಾದ ಹಂಚಿದ್ದಂಗಿದೆ."

"ಸೇವ್ ಮಾಡಿ, ಆಫ್ ಮಾಡಿ, ಪ್ಲಗ್ ಕೀಳಿ. ನಾನು ಬರೋವರೆಗೂ ಹಾಕಬೇಡಿ."

ಒಳ್ಳೆಯ ಎಸ್‌ಎಂಪಿಎಸ್ ಆದರೆ ಬಿಸಿ ಹೆಚ್ಚಾದಾಗ ತಾನೇ ಆಫ್ ಆಗುತ್ತೆ. ಅಗ್ಗದ್ದರ ಮೇಲೆ ಆ ಭರವಸೆ ಇಡೋಕಾಗಲ್ಲ. ಹತ್ತು ಡಿಗ್ರಿ ಬಿಸಿ ಹೆಚ್ಚಿದರೆ ಕೆಪಾಸಿಟರ್‌ನ ಆಯಸ್ಸು ಅರ್ಧ ಅನ್ನೋದು ಒಂದು ಅಂದಾಜು ಲೆಕ್ಕ. ಅವು ಉಬ್ಬಿ ವೋಲ್ಟೇಜು ಹದ ತಪ್ಪಿದರೆ ಸಾಯೋದು ಡಬ್ಬಿ ಒಂದೇ ಅಲ್ಲ, ಮದರ್‌ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಜೊತೆಗೆ ಕರಕೊಂಡು ಹೋಗಬಹುದು. ರಾತ್ರಿ ಬಸ್ಸಿನಲ್ಲಿ ನನಗೆ ನಿದ್ದೆ ಬರಲಿಲ್ಲ. ಹನ್ನೊಂದು ಗದ್ದೆ, ಬೆಳಿಗ್ಗೆಯಿಂದ, ಮುಚ್ಚಿದ ಒಲೆಯ ಮೇಲೆ!

ಬೆಳಿಗ್ಗೆ ಶಿವಮೊಗ್ಗದಲ್ಲಿಳಿದು, ಅಂಗಡಿ ಬಾಗಿಲು ತೆಗೆಯೋವರೆಗೂ ಕಾದು, ಡಬ್ಬಿ ತಗೊಂಡು ಹೊನ್ನಾಳಿ ಕಡೆ ಬಸ್ ಹತ್ತಿದೆ. (ವಾಟ್ಸ್ ಬರೆದ ಚೀಟಿ ನಂಬಬೇಡಿ, ಕೈಯಲ್ಲಿ ಎತ್ತಿ ನೋಡಿ. ಒಂದೇ ವಾಟ್ಸ್ ಬರೆದ ಎರಡು ಡಬ್ಬಿಯಲ್ಲಿ ಒಂದು ಬೆಲ್ಲದ ಅಚ್ಚಿನ ಹಾಗೆ, ಇನ್ನೊಂದು ಮಂಡಕ್ಕಿ ಪೊಟ್ಟಣದ ಹಾಗೆ. ಭಾರದ್ದೇ ತಂದೆ, 120 ಮಿಲಿಮೀಟರ್ ಫ್ಯಾನಿನದು. ದೊಡ್ಡ ಫ್ಯಾನು ನಿಧಾನ ತಿರುಗಿದರೂ ಅಷ್ಟೇ ಗಾಳಿ ಎಳೆಯುತ್ತೆ, ಸದ್ದು ಕಡಿಮೆ.)

ಮನೆಗೆ ಹೋದವನು ಮೊದಲು ಮಾಡಿದ್ದು ಹಾರ್ಡ್ ಡಿಸ್ಕ್ ಬಿಚ್ಚಿ ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದ್ದು. ಅಪ್ಪ ಹಿಂದೆ ನಿಂತಿದ್ದರು, ಮಾತಿಲ್ಲ. ಕಡತ ತೆರೆಯಿತು, ಆದರೆ ನನ್ನಲ್ಲಿ ಆ ಫಾಂಟ್ ಇಲ್ಲದ್ದಕ್ಕೆ ತೆರೆ ತುಂಬ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. "ಎಲ್ಲಾ ಹೋಯ್ತಾ?" ಅಂದರು. ಫಾಂಟ್ ಹಾಕಿದೆ, ಗದ್ದೆಗಳು ಒಂದೊಂದಾಗಿ ಎದ್ದು ಬಂದವು, ಹನ್ನೊಂದೂ ಸೇರಿ. ಅಪ್ಪ ಕುರ್ಚಿ ಎಳಕೊಂಡು ಕೂತರು. ಅಮ್ಮ ಕಾಫಿ ಇಟ್ಟಳು.

ಹಳೇ ಡಬ್ಬಿಯ ಜಾಲರಿಯಲ್ಲಿ ಭತ್ತದ ಹೊಟ್ಟು, ಜೇಡರ ಬಲೆ, ಎರಡು ಹಲ್ಲಿ ಮೊಟ್ಟೆ ಸಿಪ್ಪೆ. ಫ್ಯಾನಿನ ರೆಕ್ಕೆಯನ್ನ ಕಡ್ಡಿಯಲ್ಲಿ ತಳ್ಳಿದರೂ ಅಲುಗಲಿಲ್ಲ. ಹೊಸದು ಹಾಕೋಕೆ ಬೇಕಾಗಿದ್ದು ನಾಲ್ಕು ಸ್ಕ್ರೂ, ಅರ್ಧ ಗಂಟೆ.

ಈಗ ಅಪ್ಪನದು ಹೊಸ ತಕರಾರು, ಆನ್ ಆಗಿದೆಯೋ ಇಲ್ಲವೋ ಗೊತ್ತೇ ಆಗಲ್ಲವಂತೆ. ಕಡತದ ಒಂದು ಪ್ರತಿ ನನ್ನ ಹತ್ತಿರ ಇದೆ. ಅದನ್ನ ಯೂನಿಕೋಡಿಗೆ ತರ್ತಾ ಇದೀನಿ, ಅರ್ಕಾವತ್ತುಗಳು ಅಲ್ಲಲ್ಲಿ ಜಾಗ ತಪ್ಪಿ ಕೂತಿವೆ. ನಿಮ್ಮಲ್ಲಿ ಯಾರಾದರೂ ಹಳೇ ನುಡಿಯ ದೊಡ್ಡ ಕಡತವನ್ನ ಹೀಗೆ ಬದಲಾಯಿಸಿದ್ದರೆ ಹೇಗೆ ಅಂತ ಒಂದು ಮಾತು ತಿಳಿಸಿ.