ಘಾಟಿ ಜಾತ್ರೆಯಲ್ಲಿ ಹೋರಿ ಹಿಡಿದು ನಿಂತದ್ದು

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ನಾವು ಅಣ್ಣ ತಮ್ಮ ಮೊದಲ ಸಲ ಹೋರಿ ಹಿಡಿದುಕೊಂಡು ಹೋದಾಗ ದೊಡ್ಡವನಿಗೆ 19, ಚಿಕ್ಕವನಿಗೆ 16. ಎರಡು ಹಲ್ಲಿನ ಹಳ್ಳಿಕಾರ್ ಜೊತೆ, ಕರುವಿನಿಂದ ನಾವೇ ಸಾಕಿದ್ದು. ಹೊರಡುವಾಗ ಅಪ್ಪ ಹೇಳಿದ್ದು ಇಷ್ಟೇ: ‘ಬಹುಮಾನ ಬರಲಿ ಬಿಡಲಿ, ಒಳ್ಳೆ ಬೆಲೆಗೆ ಕೊಟ್ಟು ಬನ್ನಿ. ಅಕ್ಕನ ಮದುವೆ ಸಾಲ ಹಾಗೇ ಐತೆ.’

ಎರಡು ತಿಂಗಳು ಹುರುಳಿ ಬೇಯಿಸಿ ಹಾಕಿದ್ದೆವು. ಕೊಂಬು ಹೆರೆಸಿ ಎಣ್ಣೆ ಹಚ್ಚಿದ್ದೆವು. ಗೆಜ್ಜೆ, ಹೂವಿನ ಹಾರ, ಬೆನ್ನಿಗೆ ಜೂಲು ಎಲ್ಲಾ ಇತ್ತು. ನಮಗೂ ಒಂದೇ ಬಣ್ಣದ ಅಂಗಿ!

ನೋಡುವವರು ಅಂಗಿ ನೋಡಲಿಲ್ಲ. ಬಂದವರೇ ಬಾಯಿ ತೆರೆಸಿ ಹಲ್ಲು ನೋಡಿದರು. ಹಲ್ಲೇ ವಯಸ್ಸು, ಬಹುಮಾನವೂ ಹಲ್ಲಿನ ಲೆಕ್ಕದಲ್ಲೇ. ಆಮೇಲೆ ಸುಳಿ. ಆಮೇಲೆ ದೂರ ನಿಂತು, ಎತ್ತರ, ಹಿಣಿಲು, ಕೊಂಬು ಎರಡಕ್ಕೂ ಹೊಂದುತ್ತದೋ ಇಲ್ಲವೋ ಅಂತ. ನಮ್ಮ ಎಡದವನ ಬಾಯಿಗೆ ಹೊರಗಿನವರು ಕೈ ಹಾಕಿದ್ದೇ ಇಲ್ಲ. ತಲೆ ಕೊಡವಿದ. ಅಷ್ಟರಲ್ಲಿ ತಮಟೆ ಶುರುವಾಯಿತು. ನಾವು ಗಾಬರಿಯಾಗಿ ಮೂಗುದಾರ ಜಗ್ಗಿದೆವು. ಅವನು ಹಿಂದಕ್ಕೆ ಸರಿದ, ಬಲದವನು ಅಡ್ಡ ತಿರುಗಿದ. ನೋಡುತ್ತಿದ್ದವರು ಮುಂದಿನ ಜೊತೆಗೆ ಹೋದರು.

ಪಕ್ಕದ ಪೆಂಡಾಲಿನ ತಾತ ಎದ್ದು ಬಂದರು. ‘ಹಗ್ಗ ಸಡ್ಲ ಬಿಡ್ರಪ್ಪಾ. ನೀವ್ ಹೆದರಿದ್ದು ಹಗ್ಗದಾಗೇ ಅದಕ್ಕೆ ಗೊತ್ತಾಯ್ತದೆ. ಪಕ್ಕಕ್ಕೆ ನಿಂತ್ಕೊಳ್ಳಿ, ಬಂದೋರಿಗೆ ಕಾಣೋದೆಲ್ಲ ನಿಮ್ ಬೆನ್ನೇ.’ ಗಂಗೆದೊಗಲು ಕೆರೆಯುತ್ತಾ ಎಡದವನನ್ನು ಸಮಾಧಾನ ಮಾಡಿ, ಮುಂಗಾಲು ತುಸು ಏರಿನ ಮೇಲೆ ಬರುವಂತೆ ನಿಲ್ಲಿಸಿದರು. ಹೋರಿ ಎತ್ತರವಾಗಿಯೇ ಕಂಡಿತು. ಇದು ಮೋಸ ಅಲ್ಲವಾ ಅನ್ನಿಸಿತು, ಆದರೆ ಕೇಳಲಿಲ್ಲ.

ಮೂರನೇ ದಿನ ಒಬ್ಬರು ಟವೆಲ್ ಅಡಿ ಬೆರಳು ಹಿಡಿದು ಹೇಳಿದ ಬೆಲೆಗೆ ಕೊಡಲು ಮನಸ್ಸಾಗಲಿಲ್ಲ. ಜೊತೆ ಹೊಡೆದುಕೊಂಡು ವಾಪಸ್ ಬಂದೆವು. ಅಪ್ಪ ಏನೂ ಅನ್ನದೆ ಹುಲ್ಲು ಹಾಕಲು ಎದ್ದರು. ಬೈದಿದ್ದರೇ ವಾಸಿಯಿತ್ತು. ಸಾಲಕ್ಕೆ ಇನ್ನೊಂದು ವರ್ಷದ ಬಡ್ಡಿ.

ಆ ವರ್ಷ ದಿನಾ ಬೆಳಗ್ಗೆ ಹಾಲಿನ ಡೈರಿ ಮುಂದೆ ಇಬ್ಬರನ್ನೂ ನಿಲ್ಲಿಸಿದೆವು. ಹಾಲು ಹಾಕಲು ಬಂದವರಿಗೆಲ್ಲ ‘ಒಂಚೂರು ಬಾಯಿ ತೆರೆಸಿ ನೋಡಿ ಮಾವ’ ಅಂತ ಕೇಳಿ ಕೇಳಿ, ನಮ್ಮನ್ನು ಕಂಡರೆ ದಾರಿ ಬದಲಿಸುವವರೂ ಇದ್ದರು. ಊರ ಹಬ್ಬದಲ್ಲಿ ತಮಟೆ ಹತ್ತಿರವೇ ಕಟ್ಟಿದೆವು. ಮೊದಮೊದಲು ದೂರ, ಆಮೇಲೆ ಹತ್ತಿರ.

ಮರುವರ್ಷ ನಾಲ್ಕು ಹಲ್ಲು. ಎಷ್ಟು ಜನ ಬಂದು ಮುಟ್ಟಿದರೂ ಇಬ್ಬರೂ ಕಲ್ಲಿನಂತೆ ನಿಂತರು. ಬಹುಮಾನ ಬೇರೆಯವರಿಗೆ ಹೋಯಿತು, ಆ ಜೊತೆ ನಿಜಕ್ಕೂ ಚೆನ್ನಾಗಿತ್ತು. ಆದರೆ ಅಪ್ಪ ಹೇಳಿದ್ದ ಬೆಲೆ ನಮಗೆ ಸಿಕ್ಕಿತು.

ಗೆಜ್ಜೆ, ಜೂಲು ಬಿಚ್ಚಿಕೊಂಡು ಹಗ್ಗ ಕೊಟ್ಟೆವು. ಯಾರು ಹಿಡಿದರೂ ಬೆದರಬಾರದು ಅಂತ ನಾವೇ ಕಲಿಸಿದ್ದೆವಲ್ಲ. ಲಾರಿ ಹತ್ತುವಾಗಲೂ ಎಡದವನು ತಲೆ ಕೊಡವಲಿಲ್ಲ.